ಬಾಯಿಪಾಠವೋ ಬೊಯಿಪಾಠವೋ

ಲೇಕ್ ಗಾರ್ಡನ್ಸ್, ಕೋಲ್ಕತ್ತ
೧೪ ಜುಲೈ ೨೦೨೪

ಪ್ರಿಯ ಅಹಲ್ಯಾ,

ಫೋನ್ ಮಾಡಿದರೆ ನೀನು ಎತ್ತುವುದಿಲ್ಲ. ವಾಟ್ಸಾಪಿನಲ್ಲಿ ಉದ್ದಕ್ಕೆ ಬರೆದರೆ ಕೈಮುಗಿದ ಚಿತ್ರ ಕಳಿಸಿ ಕೈತೊಳೆದುಕೊಳ್ಳುತ್ತೀಯ. ಆದ್ದರಿಂದ ಈ ಕಾಗದ. ಇದಕ್ಕೆ ಎಷ್ಟು ಕೈಮುಗಿದರೂ ವಾಪಸ್ ಹೋಗುವುದಿಲ್ಲ, ಮೇಜಿನ ಮೇಲೆ ಬಿದ್ದುಕೊಂಡು ನಿನ್ನನ್ನೇ ನೋಡುತ್ತಿರುತ್ತದೆ.

ಹೋದ ನವೆಂಬರಿನ ರಾಜ್ಯೋತ್ಸವದ ಮಾತನ್ನು ಮೊದಲು ಹೇಳಿ ಮುಗಿಸುತ್ತೇನೆ. ಇಲ್ಲಿನ ನಮ್ಮ ಕನ್ನಡ ಸಂಘಕ್ಕೆ ನಿನ್ನನ್ನು ಧಾರವಾಡದಿಂದ ಕರೆಸಿದವಳು ನಾನು. ಹೈಸ್ಕೂಲಿನಲ್ಲಿ ಕನ್ನಡ ಕಲಿಸಿಯೇ ನಿವೃತ್ತಳಾದವಳು, ಕಾಲೇಜಿನಲ್ಲಿ ನನ್ನ ಬೆಂಚಿನ ಗೆಳತಿ ಎಂದು ಎದೆಯುಬ್ಬಿಸಿ ಪರಿಚಯಿಸಿದೆ. ನೀನೋ, ಮಕ್ಕಳು ಪದ್ಯ ಹೇಳುತ್ತಿರುವಾಗಲೇ ಎದ್ದು ಹೊರಟುಹೋದೆ. ಮಕ್ಕಳ ಮುಖ ಸಪ್ಪಗಾಯಿತು. ಅವರ ಕನ್ನಡ ಕೇಳಲಾಗದೆ ಎದ್ದುಹೋದಳು ಎಂದು ಎಲ್ಲರೂ ಅಂದುಕೊಂಡರು, ನಾನೂ ಅಂದುಕೊಂಡೆ. ಆ ಸಿಟ್ಟು ಇನ್ನೂ ಇದೆ. ಅದನ್ನು ಇಲ್ಲೇ ಮಡಚಿಟ್ಟು ಮುಂದೆ ಬರೆಯುತ್ತೇನೆ, ಯಾಕೆಂದರೆ ನಿನ್ನಿಂದ ನನಗೊಂದು ಕೆಲಸ ಆಗಬೇಕಿದೆ.

ಸಂಘದ ಮಾಳಿಗೆಯ ಕೋಣೆಯಲ್ಲಿರುವ ನಮ್ಮ ಗ್ರಂಥಾಲಯವನ್ನು ನೀನು ನೋಡಿದ್ದೀಯ. ವಾರವೆಲ್ಲ ಸರ್ಕಾರಿ ಸಂಶೋಧನಾ ಸಂಸ್ಥೆಯ ಲೈಬ್ರರಿಯಲ್ಲಿ ಸಂಬಳಕ್ಕೆ ದುಡಿಯುತ್ತೇನೆ, ಭಾನುವಾರ ಇಲ್ಲಿ ಪ್ರೀತಿಗೆ ಬಾಗಿಲು ತೆಗೆಯುತ್ತೇನೆ. ತೆಗೆದರೆ ಬರುವವರು ಯಾರು? ಡಮ್ ಡಮ್‌ನವರಿಗೆ, ಬೆಹಾಲಾದವರಿಗೆ, ಖರಗ್‌ಪುರದ ರೈಲ್ವೆ ಕ್ವಾರ್ಟರ್ಸಿನವರಿಗೆ ಒಂದು ಪುಸ್ತಕಕ್ಕೆಂದು ಇಷ್ಟು ದೂರ ಬರುವುದು ಆಗದ ಮಾತು. ಈಗ ನಮ್ಮ ಅಧ್ಯಕ್ಷ ಹೊನ್ನಪ್ಪನವರು ಹೊಸ ರಾಗ ತೆಗೆದಿದ್ದಾರೆ. ರೈಲ್ವೆಯ ನಿವೃತ್ತ ಅಧಿಕಾರಿ, ಅವತ್ತು ನಿನಗೆ ಹಾರ ಹಾಕಿದರಲ್ಲ, ಅವರೇ. ಕೆಳಗಿನ ಹಾಲನ್ನು ಮದುವೆಗಳಿಗೆ ಕೊಡುತ್ತೇವೆ. ಆ ಅಡುಗೆಯವರ ಪಾತ್ರೆಪಗಡ ಇಡಲು ನಮ್ಮ ಕೋಣೆ ಬೇಕಂತೆ.

"ಮೇಡಂ, ಪುಸ್ತಕ ಓದೋರು ಎಲ್ಲಿದಾರೆ? ಒಂದೇ ಒಂದು ಪುಸ್ತಕ ಹೊರಗೆ ಹೋಗಿದ್ದು ನಾನಂತೂ ನೋಡಿಲ್ಲ. ಜನವರಿ ಮೀಟಿಂಗಲ್ಲಿ ತೀರ್ಮಾನ ಮಾಡ್ಬಿಡೋಣ. ಊರ ಕಡೆ ಯಾವ್ದಾದ್ರೂ ಕಾಲೇಜಿಗೆ ಕಳಿಸಿದ್ರೆ ಪುಣ್ಯನಾದ್ರೂ ಬರುತ್ತೆ," ಎಂದರು. ಅವರು ಹೇಳಿದ್ದರಲ್ಲಿ ಸುಳ್ಳಿಲ್ಲ, ಅದಕ್ಕೇ ನನಗೆ ಹೊಟ್ಟೆ ಉರಿಯಿತು.

ಆದರೆ ನಾನು ಸುಮ್ಮನೆ ಕೂತಿಲ್ಲ. ಹೋದ ತಿಂಗಳು ಗ್ರಂಥಪಾಲಕರಿಗೆಂದು ಇಲ್ಲೊಂದು ಕಾರ್ಯಾಗಾರವಿತ್ತು. ಕಂಪ್ಯೂಟರಿನೊಳಗೆ ಒಂದು ವರ್ಚುವಲ್ ಲೋಕ ಕಟ್ಟುವುದನ್ನು ಕಲಿಸಿದರು. ಅಲ್ಲಿ ಮನೆ, ಮರ, ಕುರ್ಚಿ ಎಲ್ಲ ಇರುತ್ತದೆ. ಹೋದವರಿಗೆಲ್ಲ ಒಂದೊಂದು ಬೊಂಬೆಯ ರೂಪ. ಆ ಬೊಂಬೆ ನಡೆಯುತ್ತದೆ, ಕೂರುತ್ತದೆ, ನಾವು ಮೈಕಿನಲ್ಲಿ ಆಡಿದ ಮಾತನ್ನು ಆಡುತ್ತದೆ. ಡಮ್ ಡಮ್‌ನಲ್ಲಿ ಕೂತವಳು ಧಾರವಾಡದವಳ ಪಕ್ಕದ ಕುರ್ಚಿಯಲ್ಲಿ ಕೂರಬಹುದು. ಎಷ್ಟೋ ಊರಿನ ಲೈಬ್ರರಿಗಳು, ಮೇಷ್ಟ್ರುಗಳು ಅಲ್ಲಿ ಪಾಠ ಮಾಡುತ್ತಿದ್ದಾರೆ, ಕವಿಗೋಷ್ಠಿ ನಡೆಸುತ್ತಿದ್ದಾರೆ. ನಮ್ಮ ಗ್ರಂಥಾಲಯಕ್ಕೂ ಅಲ್ಲೊಂದು ಸಭಾಂಗಣ ಕಟ್ಟುತ್ತಿದ್ದೇನೆ. ಡಿಸೆಂಬರಿನಲ್ಲಿ ಮಕ್ಕಳ ಬಾಯಿಪಾಠ ಸ್ಪರ್ಧೆ. ಅದಕ್ಕೆ ತೀರ್ಪುಗಾರಳಾಗಿ ನೀನು ಬರಬೇಕು. ಮಕ್ಕಳು ಸೇರಿದರೆ ಹೊನ್ನಪ್ಪನವರ ಬಾಯಿ ಮುಚ್ಚುತ್ತದೆ.

ಸಿಟ್ಟಿದ್ದರೂ ನಿನ್ನವಳೇ,
ಕೋಕಿಲಾ


ಧಾರವಾಡ
೨ ಆಗಸ್ಟ್ ೨೦೨೪

ಕೋಕಿಲಾ,

ನಿನ್ನ ಕಾಗದ ಮೇಜಿನ ಮೇಲಿಂದ ನೋಡುತ್ತಲೇ ಇತ್ತು. ಮೇಲೆ ನಿಘಂಟು ಹೇರಿದೆ, ಆಗಲೂ ಬಿಡಲಿಲ್ಲ. ಉತ್ತರ ಬರೆಯುತ್ತಿದ್ದೇನೆ.

ನಾನು ಬರಲಾರೆ. ಈಗ ನಾನು ಯಾವ ಸಭೆಗೂ ಹೋಗುವುದಿಲ್ಲ. ಊರಿನ ಸಭೆಗೂ ಇಲ್ಲ, ನಿನ್ನ ಬೊಂಬೆಗಳ ಸಭೆಗೂ ಇಲ್ಲ. ಕಾರಣ ಕೇಳಬೇಡ. ರಾಜ್ಯೋತ್ಸವದ ದಿನದ ಬಗ್ಗೆ ನೀನು ಏನು ಅಂದುಕೊಂಡಿದ್ದೀಯೋ ಹಾಗೇ ಅಂದುಕೊಂಡಿರು.

ನಿನ್ನ ಗ್ರಂಥಾಲಯದ ಸುದ್ದಿ ಓದಿ ಬೇಸರವಾಯಿತು. ಪುಸ್ತಕ ಇದ್ದ ಜಾಗದಲ್ಲಿ ಸಾರಿನ ಕೊಳದಪ್ಪಲೆ ಇಡುತ್ತಾರೆ ಎಂದರೆ ಯಾರಿಗೆ ಬೇಸರವಾಗುವುದಿಲ್ಲ?

ಒಂದು ಮಾತು. ಮಕ್ಕಳಿಗೆ ಉದ್ದುದ್ದ ಪದ್ಯ ಹೊರಿಸಬೇಡ, ಎಂಟು ಸಾಲು ಸಾಕು. ಸಿನಿಮಾ ಹಾಡು ಬೇಡ. ಎಲ್ಲಿ ನಿಂತು ಉಸಿರು ತೆಗೆದುಕೊಳ್ಳಬೇಕೆಂದು ಮೊದಲೇ ಗುರುತು ಹಾಕಿಕೊಡು. ಇದನ್ನು ಒಪ್ಪಿಗೆ ಎಂದು ತಿಳಿಯಬೇಡ. ಮೇಷ್ಟ್ರಿಕೆಯ ಚಾಳಿ, ಅಷ್ಟೇ.

ಅಹಲ್ಯಾ


ಲೇಕ್ ಗಾರ್ಡನ್ಸ್
೨೨ ಸೆಪ್ಟೆಂಬರ್ ೨೦೨೪

ಪ್ರಿಯ ಅಹಲ್ಯಾ,

ನೀನು ಒಪ್ಪಿಗೆಯಲ್ಲ ಎಂದು ಬರೆದದ್ದನ್ನು ನಾನು ಒಪ್ಪಿಗೆ ಎಂದೇ ಓದಿಕೊಂಡೆ. ಪ್ರಕಟಣೆಯಲ್ಲಿ ನಿನ್ನ ಹೆಸರು ಹಾಕಿಯಾಗಿದೆ. ಬೈಯುವುದಿದ್ದರೆ ಉದ್ದದ ಕಾಗದದಲ್ಲಿ ಬೈ.

ಸಭಾಂಗಣ ಎದ್ದು ನಿಂತಿದೆ. ಮುಂದೊಂದು ಕೊಳ, ಒಳಗೆ ಸಾಲು ಕುರ್ಚಿ, ಗೋಡೆಯ ತುಂಬ ಒಂದು ದೊಡ್ಡ ಹಲಗೆ. ಮೊನ್ನೆ ಹೊನ್ನಪ್ಪನವರನ್ನು ಒಳಗೆ ಕರೆದುಕೊಂಡು ಹೋದೆ. ಅವರ ಬೊಂಬೆ ನೆಟ್ಟಗೆ ನಡೆದು ಕೊಳದೊಳಕ್ಕೆ ಇಳಿದುಬಿಟ್ಟಿತು. ನೀರಿನ ತಳದಿಂದಲೇ "ಮೇಡಂ, ಎಡಗಡೆ ಹೆಂಗ್ ತಿರುಗೋದು?" ಎಂದು ಕೇಳುತ್ತಿದ್ದರು. ಕೊನೆಗೆ ಮೇಲೆ ಬಂದು, "ಇದು ನೀರೊಳಗೆ ಹೋಮ ಮಾಡಿದಂಗಾಯ್ತು ಬಿಡಿ, ಇದ್ರಿಂದ ಪುಸ್ತಕ ಓದ್ತಾರಾ?" ಎಂದರು. ಊರ ಕಡೆ ಕಾಲೇಜೊಂದರ ಜೊತೆ ಮಾತಾಡಿ ಆಗಿದೆಯಂತೆ. ಅಡುಗೆಯವರು ಈಗಾಗಲೇ ಎರಡು ಹಂಡೆ ತಂದು ಕಥೆ ಕಾದಂಬರಿಗಳ ಸಾಲಿನ ಮುಂದೆ ಇಟ್ಟಿದ್ದಾರೆ. ನಾನು ಅವನ್ನು ದಾಟಿಕೊಂಡೇ ಓಡಾಡುತ್ತೇನೆ.

ನಿನಗೂ ಒಂದು ಬೊಂಬೆ ಸಿದ್ಧ ಮಾಡಿದ್ದೇನೆ. ಅಲ್ಲಿ ಸೀರೆ ಸಿಗಲಿಲ್ಲ. ಸದ್ಯಕ್ಕೆ ನೀನು ನೀಲಿ ಪ್ಯಾಂಟಿನಲ್ಲಿದ್ದೀಯ.

ಇಲ್ಲಿನ ಮಕ್ಕಳಲ್ಲಿ ಬಹಳಷ್ಟು ಜನ ಕನ್ನಡ ಅರ್ಥ ಮಾಡಿಕೊಳ್ಳುತ್ತಾರೆ, ಓದುವುದು ಕಷ್ಟ. ಅದಕ್ಕೆ ಪ್ರಕಟಣೆಯನ್ನು ನಾನೇ ಮಾತಾಡಿ ಎಲ್ಲ ಮನೆಗಳ ಫೋನಿಗೂ ಕಳಿಸಿದೆ. "ಬಾಯಿಪಾಠ ಸ್ಪರ್ಧೆ" ಎಂದು ಎರಡೆರಡು ಸಲ ಬಿಡಿಸಿ ಹೇಳಿದ್ದೇನೆ. ಸೇರುವ ಮಕ್ಕಳು ಏನು ಆರಿಸಿಕೊಂಡಿದ್ದಾರೆಂದು ನಿನಗೆ ಸ್ವಂತ ಕೈಯಿಂದ ಕನ್ನಡದಲ್ಲಿ ಬರೆಯಬೇಕು ಎಂದೂ ಹೇಳಿದ್ದೇನೆ. ಅವರಿಗಾದರೂ ಇಲ್ಲ ಅನ್ನು ನೋಡೋಣ.

ದುರ್ಗಾಪೂಜೆಯ ಚಪ್ಪರದ ಬಿದಿರು ಬಂದು ಬಿದ್ದಿದೆ, ರಸ್ತೆಯಲ್ಲಿ ನಡೆಯಲು ಜಾಗವಿಲ್ಲ. ನೀನು ಫೋನ್ ಯಾಕೆ ಎತ್ತುವುದಿಲ್ಲ ಎಂದು ಮತ್ತೆ ಕೇಳುತ್ತಿದ್ದೇನೆ.

ನಿನ್ನ
ಕೋಕಿಲಾ


ಡಮ್ ಡಮ್
೨೦ ಅಕ್ಟೋಬರ್ ೨೦೨೪

ಅಹಲ್ಯಾ ಅಜ್ಜಿಗೆ ನಮಸ್ಕಾರ,

ನಾನು ಸಮೀಕ್ಷಾ, ಕ್ಲಾಸ್ ಸಿಕ್ಸ್. ನಮ್ಮ ಅಪ್ಪ ಏರ್‌ಪೋರ್ಟಲ್ಲಿ ಕೆಲಸ. ನಮ್ಮ ಮನೆ ಮೇಲೆ ಏರೋಪ್ಲೇನ್ ತುಂಬಾ ಹತ್ತಿರ ಹೋಗುತ್ತೆ. ನನ್ನ ಕನ್ನಡ ಸ್ವಲ್ಪ ಕೆಟ್ಟದು. ಅಮ್ಮ ಹೆಲ್ಪ್ ಮಾಡ್ತೀನಿ ಅಂದರು, ಆದರೆ ಕೋಕಿಲಾ ಆಂಟಿ ನೀನೇ ಬರಿ ಅಂದಿದ್ದಾರೆ.

ನಾನು ಬೊಯಿಪಾಠದಲ್ಲಿ ಇದ್ದೀನಿ. ನನ್ನ ಬೊಯಿ ತುಂಬಾ ಹಳೆಯದು. ಮುಂದೆ ಹರಿದಿದೆ, ಹಿಂದೆ ಹುಳ ತಿಂದಿದೆ. ಅಮ್ಮ ನನ್ನ ಬೊಯಿಗೆ ಬ್ರೌನ್ ಪೇಪರ್ ಅಂಟಿಸಿದರು. ತಮ್ಮ ನನ್ನ ಬೊಯಿ ಕಿತ್ತುಕೊಂಡು ಓಡಿದ, ನಾನು ಹೊಡೆದೆ. ಈಗ ದಿಂಬಿನ ಕೆಳಗೆ ಇಡುತ್ತೇನೆ. ಅದರಲ್ಲಿ ಒಂದು ಹಕ್ಕಿ ದೋಣಿಯಲ್ಲಿ ಗೂಡು ಕಟ್ಟುತ್ತೆ. ದೋಣಿ ಹೋದರೆ ಗೂಡು ಕೂಡ ಹೋಗುತ್ತೆ.

ಹೋದ ಸಲ ನಾನು ಪದ್ಯ ಹೇಳುವಾಗ ನೀವು ಹೋದಿರಿ. ನಿಮಗೆ ಬೋರ್ ಆಯಿತಾ? ಈ ಸಲ ಹೋಗಬೇಡಿ.

ಸಮೀಕ್ಷಾ


ಧಾರವಾಡ
೨೯ ಅಕ್ಟೋಬರ್ ೨೦೨೪

ಕೋಕಿಲಾ,

ಪ್ಯಾಂಟಿನ ಬಗ್ಗೆ ಆಮೇಲೆ ಬೈಯುತ್ತೇನೆ. ಮೊದಲು ಇದನ್ನು ಹೇಳು: ಅಲ್ಲಿನ ಮಕ್ಕಳ ಬಾಯಿಗೆ ಏನಾಗಿದೆ?

ಸಮೀಕ್ಷಾ ಎಂಬ ಹುಡುಗಿ ಬರೆದಿದ್ದಾಳೆ. ಬಾಯಿ ಎನ್ನಲು ಉದ್ದಕ್ಕೂ "ಬೊಯಿ" ಎಂದು ಬರೆದಿದ್ದಾಳೆ. ಅದು ಹೋಗಲಿ ಅಂದರೆ, ಅವಳ ಬಾಯಿ ಹರಿದಿದೆಯಂತೆ, ಹುಳ ತಿಂದಿದೆಯಂತೆ, ತಾಯಿ ಅದಕ್ಕೆ ಕಾಗದ ಅಂಟಿಸಿದ್ದಾಳಂತೆ. ತಮ್ಮ ಅದನ್ನು ಕಿತ್ತುಕೊಂಡು ಓಡಿದನಂತೆ! ಮತ್ತೊಬ್ಬ ಹುಡುಗ ಖರಗ್‌ಪುರದಿಂದ ಬರೆದಿದ್ದಾನೆ, ಅವನ ಬಾಯಿಯನ್ನು ಅಜ್ಜ ರೈಲಿನಲ್ಲಿ ಮರೆತು ಬಂದಿದ್ದರಂತೆ, ಸ್ಟೇಷನ್ ಮಾಸ್ಟರು ಹುಡುಕಿ ಕೊಟ್ಟರಂತೆ. ನನ್ನ ಕೈಯಲ್ಲಿ ಕಲಿತ ಮಕ್ಕಳು ಕಾಗುಣಿತದಲ್ಲಿ ಏನೇನೋ ತಪ್ಪು ಮಾಡಿದ್ದನ್ನು ನೋಡಿದ್ದೇನೆ, ಇಂಥದ್ದನ್ನು ನೋಡಿಲ್ಲ.

ಆ ಹುಡುಗಿಯ ಕೊನೆಯ ಸಾಲು ಓದಿದ ಮೇಲೆ ಸಂಜೆ ಕಾಫಿ ಕುಡಿಯುವುದೂ ಮರೆತುಹೋಯಿತು. ಅವಳಿಗೆ ನನ್ನಿಂದ ಬೇಸರವಾಗಿದೆ. ನನಗೆ ಬೋರ್ ಆಗಿರಲಿಲ್ಲ ಎಂದು ಅವಳಿಗೆ ಹೇಳು.

ಅಹಲ್ಯಾ


ಲೇಕ್ ಗಾರ್ಡನ್ಸ್
೮ ನವೆಂಬರ್ ೨೦೨೪

ಅಹಲ್ಯಾ,

ನಿನ್ನ ಕಾಗದ ಓದಿ ಲೋಕಲ್ ಟ್ರೈನಿನಲ್ಲಿ ನಾನು ಒಬ್ಬಳೇ ನಕ್ಕ ರೀತಿಗೆ ಪಕ್ಕದಲ್ಲಿದ್ದ ಹೆಂಗಸು ಎದ್ದು ಬೇರೆ ಕಡೆ ಕೂತಳು.

ಬೊಯಿ ಎಂದರೆ ಬಂಗಾಳಿಯಲ್ಲಿ ಪುಸ್ತಕ, ಮಾರಾಯ್ತಿ. ಬೊಯಿಪಾಠ ಎಂದರೆ ಪುಸ್ತಕ ನೋಡಿ ಓದುವುದು. ಇಲ್ಲಿನ ಶಾಲೆಗಳಲ್ಲಿ ಅದರ ಸ್ಪರ್ಧೆ ಇಡುತ್ತಾರೆ. ನಾನು ಎರಡೆರಡು ಸಲ ಬಿಡಿಸಿ ಹೇಳಿದೆನಲ್ಲ, ಅದೇ ಎಡವಟ್ಟಾಯಿತು. "ಕೋಕಿಲಾ ಆಂಟಿಗೆ ಬೊಯಿ ಅನ್ನೋಕೆ ಬರಲ್ಲ, ಪಾಪ, ಬಾಯಿ ಬಾಯಿ ಅಂತಾರೆ" ಎಂದು ಮಕ್ಕಳು ತಮ್ಮತಮ್ಮಲ್ಲೇ ನನ್ನ ಬಂಗಾಳಿಯನ್ನು ತಿದ್ದಿಕೊಂಡಿದ್ದಾರೆ. ಇಷ್ಟು ವರ್ಷ ಈ ಊರಿನಲ್ಲಿದ್ದು ಇದು ನನಗೆ ಹೊಳೆಯಲಿಲ್ಲ.

ಇದರಿಂದ ಏನಾಗಿದೆ ಕೇಳು. ಪೂಜೆ ರಜೆ ಶುರುವಾಗುವ ಮುಂಚಿನ ಭಾನುವಾರ ಬಾಗಿಲು ತೆಗೆದರೆ ಮೆಟ್ಟಿಲ ಮೇಲೆ ಮಕ್ಕಳು! ಪುಸ್ತಕ ನೋಡಿ ಓದುವ ಸ್ಪರ್ಧೆಗೆ ಪುಸ್ತಕ ಬೇಡವೇ? ಕನ್ನಡ ಪುಸ್ತಕ ಈ ಊರಿನಲ್ಲಿ ಇನ್ನೆಲ್ಲಿ ಸಿಗಬೇಕು? ಅಮ್ಮಂದಿರು ಲೇಕ್ ಮಾರ್ಕೆಟ್ಟಿನಲ್ಲಿ ಕಾಫಿಪುಡಿ, ಕರಿಬೇವು ಕೊಂಡು ಅದೇ ಚೀಲದಲ್ಲಿ ಪುಸ್ತಕ ಹಾಕಿಕೊಂಡು ಹೋದರು. ಹಂಡೆಯ ಮೇಲೆ ಇಬ್ಬರು ಹುಡುಗರು ಕೂತು ಓದುತ್ತಿದ್ದರು. ಯಾಕೆ ಬಂದರೆಂದು ಆಗ ಗೊತ್ತಾಗಲಿಲ್ಲ, ಸುಮ್ಮನೆ ಸಂತೋಷಪಟ್ಟೆ. ನಿನ್ನ ಕಾಗದದಿಂದ ಈಗ ಅರ್ಥವಾಯಿತು.

ಈಗ ಪೇಚು. ನಿನ್ನ ಹೆಸರಿನಲ್ಲಿ ಬಾಯಿಪಾಠ ಎಂದು ಪ್ರಕಟಿಸಿದ್ದೇನೆ. ಮಕ್ಕಳು ಕಂಠಪಾಠ ಮಾಡದೆ ಪುಸ್ತಕ ಹಿಡಿದು ಬಂದರೆ ನೀನು ಮತ್ತೆ ಎದ್ದುಹೋಗುತ್ತೀಯೇನೋ ಎಂಬ ಭಯ. ತಪ್ಪನ್ನು ತಿದ್ದಿ ಇನ್ನೊಂದು ಸಂದೇಶ ಕಳಿಸಲೇ? ಅವರು ಪುಸ್ತಕ ನೋಡಿ ಓದುವುದಾದರೆ ಆ ಪುಟವನ್ನು ಗೋಡೆಯ ಹಲಗೆಯ ಮೇಲೆ ದೊಡ್ಡದಾಗಿ ಮೂಡಿಸಬಹುದು, ಓದುತ್ತಿರುವ ಪದದ ಕೆಳಗೆ ಗುರುತು ಓಡುವಂತೆಯೂ ಮಾಡಬಹುದು. ಆದರೆ ತೀರ್ಪುಗಾರಳು ನೀನು. ನೀನು ಹೇಳಿದಂತೆ.

ಕೋಕಿಲಾ


ಧಾರವಾಡ
೧೭ ನವೆಂಬರ್ ೨೦೨೪

ಕೋಕಿ,

ತಿದ್ದಬೇಡ.

ಜೀವಮಾನವೆಲ್ಲ ಕೆಂಪು ಶಾಯಿ ಹಿಡಿದವಳು ಹೇಳುತ್ತಿದ್ದೇನೆ, ಆ ತಪ್ಪನ್ನು ಹಾಗೇ ಬಿಡು.

ಪುಟ ಹಲಗೆಯ ಮೇಲೆ ಬರುತ್ತದೆ, ಓದುವ ಪದದ ಕೆಳಗೆ ಗುರುತು ಓಡುತ್ತದೆ ಎಂದು ಬರೆದಿದ್ದೀಯ. ಅದು ನಿಜವೇ? ನಿಜವಾದರೆ ನಾನು ಬರುತ್ತೇನೆ. ಪ್ಯಾಂಟಾದರೂ ಸರಿ.

ನನಗೆ ಕಿವಿ ಕೇಳಿಸುವುದಿಲ್ಲ. ನಿವೃತ್ತಿಯಾದ ವರ್ಷದಿಂದ ಹೋಗುತ್ತಾ ಹೋಗುತ್ತಾ ಈಗ ಎರಡೂ ಹೋಗಿವೆ. ಯಂತ್ರ ಹಾಕಿದರೆ ಗದ್ದಲ ಬರುತ್ತದೆ, ಮಾತು ಬರುವುದಿಲ್ಲ. ಎದುರಿಗೆ ಕೂತವರ ತುಟಿ ನೋಡಿ ಹೇಗೋ ನಿಭಾಯಿಸುತ್ತೇನೆ, ಅದಕ್ಕೇ ನಿನಗೂ ಗೊತ್ತಾಗಲಿಲ್ಲ. ರಾಜ್ಯೋತ್ಸವದ ದಿನ ನಿಮ್ಮ ವೇದಿಕೆಯಲ್ಲಿ ಮಕ್ಕಳ ತುಟಿ ಆಡುತ್ತಿತ್ತು, ನನಗೆ ಒಂದು ಅಕ್ಷರವೂ ತಿಳಿಯಲಿಲ್ಲ. ಆಮೇಲೆ ಅವರ ಬಗ್ಗೆ ಎರಡು ಮಾತಾಡಬೇಕಿತ್ತು. ಏನು ಮಾತಾಡಲಿ? ಅಳು ಬಂತು, ಎದ್ದುಬಂದೆ. ಕನ್ನಡ ಕೇಳಲಾಗದೆ ಎದ್ದುಹೋದೆ ಎಂದು ನೀನು ಬರೆದೆಯಲ್ಲ, ಅದು ಸರಿಯಾಗಿಯೇ ಇದೆ.

ಯಾರಿಗೂ ಹೇಳಿರಲಿಲ್ಲ. ಈಗ ನಿನಗೆ ಹೇಳಿದ್ದೇನೆ, ಮಕ್ಕಳಿಗೂ ಹೇಳು. ತೀರ್ಪು ಕೊಡುವ ಕೆಲಸ ನನ್ನಿಂದಾಗದು. ಓದಿದ ಒಬ್ಬೊಬ್ಬರಿಗೂ ಅವರ ಪುಟದಿಂದ ಒಂದು ಪ್ರಶ್ನೆ ಬರೆದು ಕೇಳುತ್ತೇನೆ, ಅವರು ಬರೆದು ಉತ್ತರ ಕೊಡಲಿ. ಪಾಠ ಮಾಡದೆ ಕೈ ಕಡಿಯುತ್ತಿದೆ.

ಅಹಲ್ಯಾ


ಲೇಕ್ ಗಾರ್ಡನ್ಸ್
೨೫ ನವೆಂಬರ್ ೨೦೨೪

ಅಹಲ್ಯಾ,

ನಿಜ. ಪುಟವನ್ನು ಗೋಡೆಯಷ್ಟು ದೊಡ್ಡದು ಮಾಡುತ್ತೇನೆ.

ಬೇರೆ ಏನೇನೋ ಬರೆದು ಹರಿದೆ. ಡಿಸೆಂಬರ್ ಹದಿನೈದು, ಭಾನುವಾರ, ಸಂಜೆ ನಾಲ್ಕಕ್ಕೆ ಬಾ. ಸೀರೆ ಹೇಗಾದರೂ ಹೊಂದಿಸುತ್ತೇನೆ.

ಕೋಕಿ


ಧಾರವಾಡ
೧೭ ಡಿಸೆಂಬರ್ ೨೦೨೪

ಕೋಕಿ,

ಎರಡು ದಿನ ಕಳೆದರೂ ನಾನಿನ್ನೂ ಅಲ್ಲೇ ಕೂತಿದ್ದೇನೆ. ಇಲ್ಲಿನ ಗ್ರಂಥಾಲಯದ ಕಂಪ್ಯೂಟರ್ ಕೋಣೆಯನ್ನು ವಸುಂಧರಾ ಎಂಬ ಗ್ರಂಥಪಾಲಕಿ ನನಗಾಗಿ ತೆರೆದು ಕೊಟ್ಟಿದ್ದರು. ನೀನಿದ್ದ ಕಡೆಯಿಂದ ನಿನಗೆ ಹೇಗೆ ಕಂಡಿತೋ ಗೊತ್ತಿಲ್ಲ, ನನ್ನ ಕಡೆಯಿಂದ ಹೇಗಿತ್ತೆಂದು ಬರೆಯುತ್ತೇನೆ.

ಮೊದಲು ನನ್ನ ಸೀರೆಯ ಸೆರಗು ಕುರ್ಚಿಯನ್ನು ತೂರಿಕೊಂಡು ಹಿಂದಿನವರ ಮೂಗಿನವರೆಗೆ ಹೋಗಿತ್ತು. ಆದರೂ ಸೀರೆ ಚೆನ್ನಾಗಿತ್ತು. ಆಮೇಲೆ ಬೊಂಬೆಗಳು ಬಂದವು, ಬಂದವು, ಬರುತ್ತಲೇ ಇದ್ದವು. ತಲೆಯ ಮೇಲೆ ಹೆಸರು, ಊರು. ಬೆಹಾಲಾ, ಖರಗ್‌ಪುರ, ದುರ್ಗಾಪುರ. ಕುರ್ಚಿ ಸಾಲದೆ ಕೊಳದ ಕಟ್ಟೆಯ ಮೇಲೂ ಕೂತರು. ಒಬ್ಬರು ನೀರಿನಲ್ಲಿ ನಿಂತಿದ್ದರು, ನೋಡಿದರೆ ನಿಮ್ಮ ಹೊನ್ನಪ್ಪನವರು.

ಸಮೀಕ್ಷಾ ಎದ್ದು ನಿಂತಳು. ಗೋಡೆಯ ಮೇಲೆ ಅವಳ ಪುಟ ಬಂತು, ಹುಳ ತಿಂದ ತೂತುಗಳ ಸಮೇತ. ಮೊದಲ ಪದದ ಕೆಳಗೆ ಹಳದಿ ಗುರುತು ಮೂಡಿತು, ಮುಂದೆ ಸರಿಯಿತು. ಕೋಕಿ, ನನಗೆ ಕೇಳಿಸಿತು ಎಂದೇ ಹೇಳುತ್ತೇನೆ. ಎಲ್ಲಿ ಸರಾಗ ಓದಿದಳು, ಎಲ್ಲಿ ತಡವರಿಸಿದಳು, ಎಲ್ಲಿ ಉಸಿರು ತೆಗೆದುಕೊಂಡಳು, ಎಲ್ಲ ತಿಳಿಯಿತು. "ಕಾರ್ತಿಕ" ಎಂಬಲ್ಲಿ ಗುರುತು ನಿಂತೇಬಿಟ್ಟಿತು. ಯಾಕೆ ನಿಂತಿತೆಂದು ನನಗೆ ಯಾರೂ ಹೇಳಬೇಕಿರಲಿಲ್ಲ. ಅರ್ಕಾವೊತ್ತು ಕಣ್ಣಿಗೆ ಬೀಳುವುದು ಆಮೇಲೆ, ನಾಲಿಗೆಗೆ ಬರಬೇಕಾದ್ದು ಮೊದಲು. ಎಷ್ಟು ಮಕ್ಕಳು ನನ್ನ ಮುಂದೆ ಅಲ್ಲೇ ಎಡವಿಲ್ಲ! "ರ್ ಮೊದಲು, ತಿ ಆಮೇಲೆ ಮಗು" ಎಂದು ಬರೆದು ಕಳಿಸಿದೆ. ಗುರುತು ಒಂದು ಕ್ಷಣ ಅಲ್ಲೇ ಇತ್ತು, ಆಮೇಲೆ ದಾಟಿತು. ಸಭೆಯ ಬೊಂಬೆಗಳೆಲ್ಲ ಎರಡೂ ಕೈ ಮೇಲೆತ್ತಿದವು. ನಾನು ಗ್ರಂಥಾಲಯದಲ್ಲಿದ್ದೇನೆಂಬುದನ್ನೂ ಮರೆತು ಶಾಭಾಷ್ ಎಂದು ಕೂಗಿದೆನಂತೆ, ವಸುಂಧರಾ ಓಡಿಬಂದರು.

ಹಕ್ಕಿ ಯಾಕೆ ದೋಣಿ ಬಿಟ್ಟು ಹೋಗಲಿಲ್ಲ ಎಂದು ಕೇಳಿದೆ. "ಅಂಬಿಗನ ಮೇಲೆ ಮಾಯಾ ಆಯಿತು" ಎಂದು ಬರೆದಳು. ಈ ಸಲ ನಾನು ಕೆಂಪು ಶಾಯಿ ಹುಡುಕಲಿಲ್ಲ, ಮಾಯಾ ಅಂದರೆ ಏನು ಎಂದು ಕೇಳಿದೆ. ಅಲ್ಲಿದ್ದ ಅಮ್ಮಂದಿರು ಒಟ್ಟಿಗೆ ಬರೆದರು: ಮಮತೆ, ಅಕ್ಕರೆ, ಕನಿಕರ. ಬಂಗಾಳಿಯಲ್ಲಿ ಹಾಗಂತೆ. ನನಗೊಂದು ಹೊಸ ಪದ ಸಿಕ್ಕಿತು.

ಕೊನೆಯವರೆಗೂ ಕೂತಿದ್ದೆ ಎಂದು ಆ ಹುಡುಗಿಗೆ ಹೇಳು. ಪ್ರತಿ ಭಾನುವಾರ ಪಾಠಕ್ಕೆ ಬರುತ್ತೇನೆ ಎಂದೂ ಹೇಳು. ಕೋಣೆಯ ವಿಷಯ ಏನಾಯಿತು? ಅದೊಂದು ಮನಸ್ಸಿನಲ್ಲಿ ಕೊರೆಯುತ್ತಿದೆ.

ನಿನ್ನ
ಅಹಲ್ಯಾ


ಲೇಕ್ ಗಾರ್ಡನ್ಸ್
೫ ಜನವರಿ ೨೦೨೫

ನನ್ನ ಅಹಲ್ಯಾ,

ಈಗ ತಾನೇ ಮೀಟಿಂಗು ಮುಗಿಸಿ ಬಂದೆ. ಸೀರೆ ಕೂಡ ಬದಲಿಸಿಲ್ಲ, ಬರೆಯಲು ಕೂತಿದ್ದೇನೆ.

ನಿನ್ನ ಭಾನುವಾರದ ಪಾಠ ಶುರುವಾದ ಮೇಲೆ ಏನಾಯಿತೆಂದು ನಿನಗೆ ಪೂರ್ತಿ ಗೊತ್ತಿಲ್ಲ. ಮುಂದಿನ ವಾರ ಓದಲು ಎಲ್ಲರಿಗೂ ಪುಸ್ತಕ ಬೇಕು. ಮಗುವಿಗೆಂದು ಒಯ್ದದ್ದನ್ನು ಅಮ್ಮ ಓದಿ ತನಗೊಂದು ಕೇಳಿದಳು, ಅಜ್ಜಿ ತನಗೆರಡು ಕೇಳಿದರು. ನಾನೂ ಒಂದು ಕಿತಾಪತಿ ಮಾಡಿದೆ. ಮನೆಗೊಂದು ಪುಸ್ತಕ ಎಂಬ ನಿಯಮ ತೆಗೆದುಹಾಕಿ, ಕೈಗೆ ಬಂದಷ್ಟು ಒಯ್ಯಿರಿ ಎಂದೆ.

ಹೊನ್ನಪ್ಪನವರು ಕೊಳದಲ್ಲಿ ನಿಂತು ಎಲ್ಲ ನೋಡಿದ್ದರೂ ಬಿಗುಮಾನ ಬಿಟ್ಟಿರಲಿಲ್ಲ. "ಪ್ರೋಗ್ರಾಂ ಚೆನ್ನಾಗಿತ್ತು ಮೇಡಂ, ಇಲ್ಲ ಅನ್ನಲ್ಲ. ಆದ್ರೆ ಅದು ಕಂಪ್ಯೂಟರಲ್ಲಿ ನಡೀತು. ಅದಕ್ಕೆ ಈ ಕೋಣೆ ಯಾಕೆ?" ಎಂದರು. ಮೀಟಿಂಗಿಗೆ ಮೊದಲೇ ಮೆಟಡೋರ್ ಕರೆಸಿ ಬಾಗಿಲಲ್ಲಿ ನಿಲ್ಲಿಸಿದ್ದರು, ತೀರ್ಮಾನವಾದ ಕೂಡಲೇ ಪುಸ್ತಕ ತುಂಬಿ ರೈಲ್ವೆ ಸ್ಟೇಷನ್ನಿಗೆ ಕಳಿಸಲು. ನನ್ನ ಕೈಯಿಂದ ಕೀಲಿಕೈ ತೆಗೆದುಕೊಂಡು ತಾವೇ ಮೇಲೆ ಹತ್ತಿದರು. ಹಿಂದೆ ನಾವೆಲ್ಲ ಹತ್ತಿದೆವು.

ಬಾಗಿಲು ತೆಗೆದರೆ ಕಪಾಟ ಖಾಲಿ. ಒಂದು ಮೂಲೆಯಲ್ಲಿ ಸಂಘದ ಹಳೆಯ ಸ್ಮರಣ ಸಂಚಿಕೆಗಳು, ಉಳಿದಂತೆ ಬರೀ ಹಂಡೆ, ಕೊಳದಪ್ಪಲೆ.

"ಪುಸ್ತಕ ಎಲ್ಲಿ ಮೇಡಂ?"

"ಮಂದಿ ಮನ್ಯಾಗ ಅದಾವ್ರೀ ಸರ್. ಓದಾಕತ್ತಾರ."

"ಎಲ್ಲಾನೂ?"

"ಎಲ್ಲಾನೂ."

ಅವರು ಕಪಾಟದ ಹಿಂದೆ ಬಗ್ಗಿ ನೋಡಿದರು. ಆಗ ಸಮೀಕ್ಷಾಳ ತಾಯಿ ವರ್ಷಿಣಿ, ಮೀಟಿಂಗಿನಲ್ಲಿ ಎಂದೂ ತುಟಿ ಬಿಚ್ಚದವಳು, ಮುಂದೆ ಬಂದಳು. "ಸರ್, ನನ್ನ ಮಗಳು ಇಷ್ಟು ದಿನ ನನ್ನ ಹತ್ರ ಇಂಗ್ಲಿಷಲ್ಲೇ ಜಗಳ ಆಡ್ತಿದ್ಲು. ಮೊನ್ನೆ ಮೊದಲನೇ ಸಲ ಕನ್ನಡದಲ್ಲಿ ಜಗಳ ಆಡಿದ್ಲು. ಒಂದು ತಪ್ಪಿಲ್ಲದಂಗೆ ಬೈದ್ಲು ಸರ್. ನನಗೆ ಅಳು ಬಂತು. ಈ ಕೋಣೆ ಮುಚ್ಚಬೇಡಿ," ಎಂದಳು. ಹೇಳುವಾಗಲೂ ಅವಳ ಕಣ್ಣು ತುಂಬಿತ್ತು. ಹಿಂದಿನಿಂದ ಯಾರೋ ಕೈ ಎತ್ತಿದರು, ಆಮೇಲೆ ಎಲ್ಲರೂ ಎತ್ತಿದರು. ಮೆಟ್ಟಿಲ ಮೇಲೆ ನಿಂತವರೂ ಎತ್ತಿದರು. ನಾನು ಎಣಿಸಲು ಹೋಗಲಿಲ್ಲ, ಇಳಿದಿದ್ದ ಕೈ ಒಂದೇ ಇತ್ತು. ಹೊನ್ನಪ್ಪನವರು ಸುತ್ತ ನೋಡಿ ತಾವೂ ಎತ್ತಿದರು.

ಬಂದ ಮೆಟಡೋರನ್ನು ಬರಿದೇ ಕಳಿಸುವುದು ಹೇಗೆ? ಹಂಡೆ, ಕೊಳದಪ್ಪಲೆ, ಜಾಲರಿಗಳನ್ನು ಮಕ್ಕಳೇ ಸಾಲಾಗಿ ನಿಂತು ಕೆಳಗಿಳಿಸಿದರು. ಇಡೀ ಬೀದಿಗೆ ಕೇಳುವಷ್ಟು ಸದ್ದು. ಪಾತ್ರೆ ತುಂಬಿದ ಮೆಟಡೋರ್ ಅಡುಗೆಯವರ ಮನೆಗೆ ಹೋಯಿತು.

ಎಲ್ಲರೂ ಹೋದ ಮೇಲೆ ಹೊನ್ನಪ್ಪನವರು ಕೀಲಿಕೈ ನನಗೆ ಕೊಟ್ಟು ಅಲ್ಲೇ ನಿಂತಿದ್ದರು. "ಮೇಡಂ, ನಿಮ್ಮ ಫ್ರೆಂಡು ನಂಗೂ ಒಂದು ಪ್ರಶ್ನೆ ಕೇಳ್ತಾರಾ?" ಎಂದರು. ನೀವು ಓದಿದರೆ ಕೇಳುತ್ತಾಳೆ ಎಂದೆ. "ಹಾಗಾದ್ರೆ ನಂಗೊಂದು ಪುಸ್ತಕ ಕೊಡಿ."

ನಾನು ಖಾಲಿ ಕಪಾಟ ತೋರಿಸಿದೆ. "ಇಲ್ರೀ ಸರ್. ಯಾರರೆ ತಿರುಗಿ ತಂದುಕೊಡೂತನಕ ಕಾಯಬೇಕು."

ಅವರು ಸ್ಟೂಲು ಎಳೆದುಕೊಂಡು ಕೂತರು, ಕಾಯುತ್ತೇನೆ ಎಂದರು. ಅಹಲ್ಯಾ, ಬಂದ ಓದುಗನಿಗೆ ಪುಸ್ತಕ ಇಲ್ಲ ಎಂದು ನಾನು ಹೇಳಿದ್ದು ಈ ಕೋಣೆಯಲ್ಲಿ ಇದೇ ಮೊದಲು. ಎಷ್ಟು ಖುಷಿಯಾಯಿತು ಗೊತ್ತೇನೇ!

ನಿನ್ನ
ಕೋಕಿ